ಏಳನೇ ತೊಟ್ಟಿಲಿನ ಹಳೇ ಅಂಕಿ

ಮಾರ್ಚ್ 3, ಸೋಮವಾರ

ಮತ್ತೆ ಬ್ಯಾಟರಿ ಟೆಸ್ಟ್. ಬೆಳಿಗ್ಗೆಯಿಂದ ಅದೇ ಕೆಲಸ. ಸೆನ್ಸರ್ ಬಿಲ್ಲೆ ಆನ್, ಬಿಲ್ಲೆ ಆಫ್. ಕೆಳಗಿನ ಕ್ಯಾಂಟೀನಿನ ಕಾಫಿ — ಕೆಸರು ನೀರು. ಆದರೂ ಎರಡು ಲೋಟ ಕುಡಿದೆ.

ಮ್ಯಾನೇಜರ್ ಹೆಗಲ ಮೇಲಿಂದ ಇಣುಕಿದ. "ಎರಡು ವರ್ಷ ಬರುತ್ತಲ್ಲ ಮೇಡಂ ಬ್ಯಾಟರಿ?"

ಬರುತ್ತೆ ಅಂದೆ. ಸುಳ್ಳಲ್ಲ. ಮಗುವಿನ ಹೊಟ್ಟೆಗೆ ಅಂಟಿಸೋ ಬಿಲ್ಲೆ ಸುಮ್ಮನೆ ಮಲಗಿರುತ್ತೆ. ಯಾರಾದ್ರೂ ಟೆಂಪರೇಚರ್ ಕೇಳಿದಾಗ ಮಾತ್ರ ಎದ್ದು, ಅಳೆದು, ಹೇಳಿ, ಮತ್ತೆ ಮಲಗುತ್ತೆ. ಅದನ್ನ ಎಬ್ಬಿಸೋದು ಕಡಿಮೆ ಆದಷ್ಟೂ ಬ್ಯಾಟರಿ ಬಾಳಿಕೆ. ಅದಕ್ಕೇ ವಾರ್ಡಿನ ಗೋಡೆ ಮೇಲಿನ ನೆಟ್‌ವರ್ಕ್ ಡಬ್ಬಿಗಳು ಆ ಅಂಕಿಯ ನಕಲು ಇಟ್ಕೊಳ್ಳೋದು.

ಮಧ್ಯಾಹ್ನ ತಂಗಿ ಫೋನ್. "ಅಕ್ಕಾ, ಕೂಸನ್ನ ಪೆಟ್ಟಿಗೆಯಿಂದ ಹೊರಗೆ ತೆಗೆದ್ರು ಕಣೇ!" ಗಾಜಿನ ಪೆಟ್ಟಿಗೆಯಿಂದ ಮಾಮೂಲಿ ತೊಟ್ಟಿಲಿಗೆ. ಏಳನೇ ತೊಟ್ಟಿಲು. ಅವಸರಕ್ಕೆ ಬಿದ್ದು ಎರಡು ತಿಂಗಳು ಮೊದಲೇ ಬಂದ ಹುಡುಗಿ. ಅಮ್ಮ 'ಸಾಸಿವೆ' ಅಂತಾಳೆ. ಅಷ್ಟೇ ಇದಾಳೆ.

ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳ್ಕೊಂಡು ಬಂದೆ. ಯಾರಿಗೂ ಹೇಳಲಿಲ್ಲ. ಈಗವಳು ಬಂದಿರೋದು ನಮ್ಮ ಟ್ರಯಲ್ ನಡೀತಿರೋ ವಾರ್ಡಿಗೇ. ನಾನು ಬರೆದ ಕೋಡ್, ನನ್ನ ತಂಗಿ ಮಗಳು. ಜಂಭ ಬಂದಿದೆ, ನಿಜ ಹೇಳ್ತೀನಿ.

ಮಾರ್ಚ್ 5, ಬುಧವಾರ

ಆಫೀಸಿಂದ ಸೀದಾ ವಾರ್ಡಿಗೆ. ಭೇಟಿ ಹೊತ್ತಿನಲ್ಲೂ ಒಳಗೆ ಇಬ್ಬರಿಗೆ ಮಾತ್ರ. ಉಳಿದ ದಂಡೆಲ್ಲ ಕಾರಿಡಾರಿನ ಬೆಂಚಲ್ಲಿ. ಅಮ್ಮ, ಚಿಕ್ಕಮ್ಮ, ಸೋದರಮಾವ, ತಂಗಿಯ ಅತ್ತೆ, ನಾದಿನಿ... ತಂಗಿ ಮದುವೆಗೂ ಇಷ್ಟು ಹೊತ್ತಿಗೆ ಸರಿಯಾಗಿ ಬಂದಿರಲಿಲ್ಲ ಇವರು. ಎಲ್ಲರ ಕೈಯಲ್ಲೂ ಫೋನ್. ಎಲ್ಲರ ಫೋನಲ್ಲೂ ನಮ್ಮ ಆಪ್. ಮಾವ ಒಂದೊಂದು ಫೋನಿಗೂ ತಾವೇ ಹಾಕಿಕೊಟ್ಟಿದಾರೆ.

"ಮೂವತ್ತಾರು ಪಾಯಿಂಟ್ ಎಂಟು!" ಅಂತ ಮಾವ ಕೂಗಿದ್ರು, ಕ್ರಿಕೆಟ್ ಸ್ಕೋರ್ ಹೇಳೋ ಹಾಗೆ.

"ನನ್ನದ್ರಲ್ಲೂ ಅದೇ ಬಂತು," ಚಿಕ್ಕಮ್ಮ.

"ನಿನ್ನದ್ರಲ್ಲಿ ಬೇರೆ ಬರೋಕೆ ಅವಳೇನು ಬೇರೆ ಮಗುವಾ?" ಅಮ್ಮ.

ಅದು ಹ್ಯಾಗೆ ಬರುತ್ತೆ ಹೇಳು ಅಂತ ಮಾವ ಗಂಟುಬಿದ್ರು. ಹೇಳಿದೆ. ಮಾಮೂಲಿ ನೆಟ್‌ವರ್ಕಲ್ಲಿ ಕಾಗದಕ್ಕೆ ವಿಳಾಸ ಬರೆದ ಹಾಗೆ — ಇಂಥ ಮೆಷಿನ್‌ಗೆ ಹೋಗು ಅಂತ. ನಮ್ಮದ್ರಲ್ಲಿ ವಿಳಾಸ ಇಲ್ಲ, ಹೆಸರು. 'ಏಳನೇ ತೊಟ್ಟಿಲು, ಟೆಂಪರೇಚರ್' ಅಂತ ಕೇಳಿದ್ರೆ ಸಾಕು. ಹತ್ತಿರದ ಡಬ್ಬಿ ಹತ್ರ ನಕಲು ಇದ್ರೆ ಅದೇ ಕೊಡುತ್ತೆ. ಇಲ್ಲದಿದ್ರೆ ಪಕ್ಕದ ಡಬ್ಬಿಗೆ ದಾಟಿಸುತ್ತೆ. ಅದರ ಹತ್ರವೂ ಇಲ್ಲ ಅಂದ್ರೆ ಮುಂದಕ್ಕೆ, ಕೊನೆಗೆ ಬಿಲ್ಲೆ ತನಕ. ಯಾವ ಪ್ರಶ್ನೆ ಯಾವ ಕಡೆ ದಾಟಿಸಬೇಕು ಅನ್ನೋದೇ ನನ್ನ ಕೆಲಸ. ಹತ್ತು ಜನ ಒಟ್ಟಿಗೆ ಕೇಳಿದ್ರೂ ಮುಂದಕ್ಕೆ ಹೋಗೋದು ಒಂದೇ ಪ್ರಶ್ನೆ. ಉತ್ತರ ಬಂದಾಗ ಹತ್ತೂ ಜನಕ್ಕೆ ಹಂಚೋದು.

"ಅಂದ್ರೆ ನಾವು ಎಷ್ಟು ಸಲ ನೋಡಿದ್ರೂ ಕೂಸಿಗೆ ತೊಂದ್ರೆ ಇಲ್ಲ?" ಅಮ್ಮ.

ಇಲ್ಲಮ್ಮ. ನೋಡಿ, ಎಷ್ಟು ಬೇಕಾದ್ರೂ ನೋಡಿ ಅಂದೆ.

ಒಳಗೆ ಹೆಡ್ ನರ್ಸ್. ದಪ್ಪ ಕನ್ನಡಕ, ಗಟ್ಟಿ ದನಿ. ಪ್ರತಿ ತೊಟ್ಟಿಲಿನ ಹತ್ರ ನಿಂತು, ಹೊಟ್ಟೆ ಮುಟ್ಟಿ, ಕಂಕುಳಿಗೆ ಥರ್ಮಾಮೀಟರ್ ಇಟ್ಟು ಹೋಗ್ತಾರೆ. "ನಿಮ್ಮ ಡಬ್ಬಿ ಪಾಸಾದ್ರೆ ಈ ಸುತ್ತು ನಿಲ್ಲಿಸ್ತಾರಂತೆ. ನನ್ನ ಹುಡುಗೀರಲ್ಲಿ ಇಬ್ಬರನ್ನ ಬೇರೆ ವಾರ್ಡಿಗೆ ಎಳ್ಕೋತಾರಂತೆ." ಬೈಗುಳ ಅಲ್ಲ, ಸುದ್ದಿ ಹೇಳಿದ ಹಾಗೆ ಹೇಳಿದ್ರು. ನಾನು ನಕ್ಕೆ.

ಮಾರ್ಚ್ 8, ಶನಿವಾರ

ಬರೀತೀನಿ, ಇಲ್ಲದಿದ್ರೆ ತಲೆ ಸಿಡಿಯುತ್ತೆ.

ಸಂಜೆ ಭೇಟಿ ಹೊತ್ತು. ಒಳಗೆ ನಾನು, ತಂಗಿ. ಹಾಲು ಕುಡಿಸೋಕೆ ಅಂತ ತಂಗಿ ಸಾಸಿವೆಯನ್ನ ಎತ್ಕೊಂಡಳು. ಎತ್ತಿದವಳೇ ನನ್ನ ಮುಖ ನೋಡಿದಳು. "ಅಕ್ಕಾ... ತಣ್ಣಗಿದಾಳೆ."

ಗೋಡೆ ಪರದೆ ನೋಡಿದೆ. ಏಳು — 36.8. ಹಸಿರು. ನನ್ನ ಫೋನ್ — 36.8. "ಇಲ್ಲ ಕಣೇ, ಸರಿ ಇದೆ" ಅಂದೆ. ಅಂದೇಬಿಟ್ಟೆ, ಪರದೆ ನೋಡ್ಕೊಂಡು, ಮಗು ಮುಟ್ಟದೆ.

ತಂಗಿ ನನ್ನ ಕೈ ಹಿಡಿದು ಮಗು ಹೊಟ್ಟೆ ಮೇಲಿಟ್ಟಳು. ಪಾದ ತಣ್ಣಗಿದ್ರೆ ಸರಿ, ಹೊಟ್ಟೆ ತಣ್ಣಗಿರಬಾರದು. ಅಳುವೂ ಇಲ್ಲ. ಸುಮ್ಮನೆ, ಮೆತ್ತಗೆ ಬಿದ್ದಿತ್ತು ಜೀವ.

ಕೂಗಿದೆ. ಹೆಡ್ ನರ್ಸ್ ಓಡಿ ಬಂದ್ರು. ಥರ್ಮಾಮೀಟರ್ — 35.2. ಕಿಟಕಿ ಚಿಲಕ ಸಡಿಲ ಆಗಿ ಗಾಳಿ ಸೀದಾ ತೊಟ್ಟಿಲಿಗೇ ಬೀಸ್ತಾ ಇತ್ತಂತೆ, ಪರದೆ ಬಟ್ಟೆ ಹಿಂದೆ ಯಾರಿಗೂ ಕಂಡಿಲ್ಲ. ತಂಗಿ ಎದೆಗೆ ಮಗು, ಮೇಲೆ ಕಂಬಳಿ, ತಲೆಗೆ ಟೋಪಿ. ತಂಗಿ ಅಳಲಿಲ್ಲ. ಒಂದೇ ಸಮನೆ ಏನೋ ಮಾತಾಡ್ತಾ ಕೂತಳು ಮಗು ಜೊತೆ. ಸ್ವಲ್ಪ ಸ್ವಲ್ಪವೇ ಬೆಚ್ಚಗಾದಳು. ಕೊನೆಗೆ ಕಿರ್ರೋ ಅಂತ ಅತ್ತಳು ನೋಡು, ಅಷ್ಟು ಚೆಂದದ ಅಳು ನಾನು ಕೇಳಿಲ್ಲ.

ಅಷ್ಟು ಹೊತ್ತೂ ಪರದೆ ಮೇಲೆ 36.8. ಅಲಾರಾಂ ಕಮಕ್ ಕಿಮಕ್ ಅನ್ನಲಿಲ್ಲ.

ಹೆಡ್ ನರ್ಸ್ ನನ್ನ ಕಡೆ ತಿರುಗಿದ್ರು. "ಇದು ನಿಮ್ಮ ಡಬ್ಬಿ ಅಲ್ವಾ?" ಹೌದು ಅಂದೆ.

ಮಾರ್ಚ್ 10, ಸೋಮವಾರ

ಆಫೀಸಲ್ಲಿ ಹೇಳಿದೆ. ನಕಲು ಇಟ್ಕೊಳ್ಳೋ ಭಾಗ ಬರೆದಿರೋದು ಪಕ್ಕದ ಟೇಬಲ್ಲಿನ ಹುಡುಗ — ಎಲ್ಲರೂ 'ಜಾಣ' ಅಂತಾರೆ. ಅವನಿಗೂ ಆ ಹೆಸರು ಇಷ್ಟ. "ಮೇಡಂ, ಒಂದು ಡಬ್ಬೀಲಿ ನಕಲು ಅರ್ಧ ನಿಮಿಷಕ್ಕಿಂತ ಜಾಸ್ತಿ ಬದುಕಲ್ಲ. ಸತ್ತುಹೋಗುತ್ತೆ. ಚಾನ್ಸೇ ಇಲ್ಲ."

ಲ್ಯಾಬಲ್ಲಿ ಮಾಡಿ ತೋರಿಸಿದ. ಬಿಲ್ಲೆ ಬಿಸಿನೀರಿನ ಬಾಟ್ಲಿಗೆ, ಆಮೇಲೆ ತಣ್ಣೀರಿನ ಬಾಟ್ಲಿಗೆ. ಅರ್ಧ ನಿಮಿಷದಲ್ಲಿ ಅಂಕಿ ದಬಕ್ ಅಂತ ಇಳೀತು. ಮತ್ತೆ ಮಾಡಿದ. ಮತ್ತೆ ಇಳೀತು. ಹಾಳಾದ್ದು, ಎಷ್ಟು ಸಲ ಮಾಡಿದ್ರೂ ಇಳೀತು.

ಮ್ಯಾನೇಜರ್ ಕುರ್ಚಿ ಎಳೆದು ಕೂತ. ದನೀಲಿ ಬೆಣ್ಣೆ. "ನೋಡಿ ಮೇಡಂ, ಮನೇಲಿ ಕಷ್ಟ ಇದೆ, ಅರ್ಥ ಆಗುತ್ತೆ. ಬಿಲ್ಲೆ ಸರಿಯಾಗಿ ಅಂಟಿರಲಿಲ್ವೇನೋ. ನೀವು ಸ್ವಲ್ಪ ಎಮೋಷನಲ್ ಆಗಿದೀರಿ. ನಿಮ್ಮ ತಂಗಿ ಮಗು ಅಲ್ವಾ."

ಹೌದು ಸರ್, ನನ್ನ ತಂಗಿ ಮಗು. ಎಂಟನೇ ತೊಟ್ಟಿಲಲ್ಲಿರೋದು ಯಾರ ತಂಗಿ ಮಗು ಅಂತ ಕೇಳಿದೆ. ಎದ್ದು ಹೋದ.

ಮಾರ್ಚ್ 11

ಎಮೋಷನಲ್ ಅಂತೆ. ಎಮೋಷನಲ್! ಇವತ್ತು ಇಷ್ಟೇ.

ಮಾರ್ಚ್ 13, ಗುರುವಾರ

ಸಿಕ್ತು!! ಕಾರಿಡಾರಿನ ಬೆಂಚಲ್ಲಿ ಸಿಕ್ತು.

ಭೇಟಿ ಹೊತ್ತಲ್ಲಿ ಬೇಕಂತಲೇ ಒಳಗೆ ಹೋಗಲಿಲ್ಲ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು, ಡಬ್ಬಿಗಳು ಮಾತಾಡೋದನ್ನ ನೋಡ್ತಾ ಕೂತೆ. ನಮ್ಮ ದಂಡು ಮಾಮೂಲಿನಂತೆ ಫೋನ್ ತಿಕ್ತಾ ಇತ್ತು. ಎಂಟನೇ ತೊಟ್ಟಿಲಿನ ಕಡೆಯವರೂ. ಅವರ ಅಜ್ಜ ಎರಡು ಫೋನ್ ಹಿಡಿದಿದ್ರು, ಪುಣ್ಯಾತ್ಮ.

ಆದದ್ದು ಇಷ್ಟು. ಡಬ್ಬಿಯಲ್ಲಿ ನಕಲು ಅರ್ಧ ನಿಮಿಷ ಬದುಕುತ್ತೆ, ನಿಜ. ಆದ್ರೆ ಆ ಅರ್ಧ ನಿಮಿಷ ಶುರುವಾಗೋದು ನಕಲು *ಆ ಡಬ್ಬಿಗೆ* ಬಂದ ಹೊತ್ತಿಂದ. ಬಿಲ್ಲೆ ಅಳೆದ ಹೊತ್ತಿಂದ ಅಲ್ಲ! ಬಾಗಿಲ ಹತ್ರದ ಡಬ್ಬಿಯ ನಕಲು ಸಾಯೋ ಹೊತ್ತಿಗೆ ಅದು ಕಿಟಕಿ ಹತ್ರದ ಡಬ್ಬಿಯನ್ನ ಕೇಳುತ್ತೆ. ಅದರ ಹತ್ರ ಇನ್ನೂ ಇದೆ, ಕೊಡುತ್ತೆ. ಬಾಗಿಲ ಡಬ್ಬಿ ಹೊಸದಾಗಿ ಎಣಿಸೋಕೆ ಶುರು. ಸ್ವಲ್ಪ ಹೊತ್ತಿಗೆ ಕಿಟಕಿ ಡಬ್ಬಿಯದು ಸಾಯುತ್ತೆ. ಅದು ಬಾಗಿಲ ಡಬ್ಬಿಯನ್ನ ಕೇಳುತ್ತೆ. ಅದೇ ಹಳೇ ಅಂಕಿ ವಾಪಸ್! ಟೈಮ್ ಎಷ್ಟು ಅಂತ ಪಕ್ಕದವನನ್ನ ಕೇಳಿದ್ರೆ, ಅವನು ಗಡಿಯಾರ ನೋಡದೆ, ಯಾರೋ ಆಗಲೇ ಹೇಳಿದ್ದನ್ನ ಹೇಳಿದ ಹಾಗೆ. ಬಿಲ್ಲೆಯನ್ನ ಯಾರೂ ಎಬ್ಬಿಸೋದೇ ಇಲ್ಲ. ಅಲಾರಾಂ ಕೂಡ ಇದೇ ಡಬ್ಬಿಗಳನ್ನೇ ಕೇಳೋದು. ಅದಕ್ಕೂ ಅದೇ ಹಳೇ ಅಂಕಿ.

ಇದು ನಡೀಬೇಕಾದ್ರೆ ಬೇರೆ ಬೇರೆ ಡಬ್ಬಿಗಳಿಗೆ ಬಿಡುವಿಲ್ಲದೆ ಯಾರಾದ್ರೂ ಕೇಳ್ತಾ ಇರಬೇಕು. ಲ್ಯಾಬಲ್ಲಿ ಒಂದೇ ಫೋನ್, ಒಂದೇ ಡಬ್ಬಿ. ನಕಲು ಸತ್ತರೆ ಸತ್ತಿತು, ಬಿಲ್ಲೆ ಏಳಲೇಬೇಕು. ಇಲ್ಲಿ ಕಾರಿಡಾರ್ ಉದ್ದಕ್ಕೂ ಅಜ್ಜಿಯರು, ಅತ್ತೆಯರು, ಮಾವಂದಿರು...

ಜನ ಜಾಸ್ತಿ ನೋಡಿದಷ್ಟೂ ಅಂಕಿ ಹಳೇದು. ಶನಿವಾರ ನಾವೆಲ್ಲ ಸೇರಿ, ಪ್ರೀತಿಯಿಂದ, ಆ ಮಗು ತಣ್ಣಗಾಗಿದ್ದನ್ನ ಮುಚ್ಚಿಟ್ಟೆವು. ನಾನೇ ಹೇಳಿದ್ದು ಎಷ್ಟು ಬೇಕಾದ್ರೂ ನೋಡಿ ಅಂತ.

ಅಮ್ಮನಿಗೆ ಹೇಳಿದೆ. ಫೋನ್ ಆಫ್ ಮಾಡಿ ಚೀಲದ ತಳಕ್ಕೆ ಹಾಕಿದಳು. ಆಮೇಲೆ ಮಾವನ ಫೋನೂ ಕಿತ್ಕೊಂಡಳು.

ಮಾರ್ಚ್ 14, ಶುಕ್ರವಾರ

ಬೋರ್ಡ್ ಮೇಲೆ ಬಿಡಿಸಿ ತೋರಿಸಿದೆ. ಜಾಣನಿಗೆ ಅರ್ಧದಲ್ಲೇ ಅರ್ಥ ಆಯ್ತು. ಮುಖ ಇಂಗು ತಿಂದ ಮಂಗನ ಹಾಗಾಯ್ತು. ಆದ್ರೆ ಮ್ಯಾನೇಜರ್ ಕಡೆ ನೋಡಿ ತಲೆ ತಗ್ಗಿಸಿದ.

ಪರಿಹಾರ ಸುಲಭ. ಅಂಕಿಯ ಜೊತೆ ಅದು ಹುಟ್ಟಿದ ಹೊತ್ತೂ ಹೋಗಬೇಕು. ಯಾವ ಡಬ್ಬಿಗೆ ಹೋದ್ರೂ ವಯಸ್ಸು ಅಲ್ಲಿಂದಲೇ ಎಣಿಸಬೇಕು. ಪರದೆ ಮೇಲೂ ತೋರಿಸಬೇಕು — ಇದು ಈಗಿನದು, ಇದು ಇಷ್ಟು ಹಳೇದು ಅಂತ. ಆದ್ರೆ ಬಿಲ್ಲೆ ಜಾಸ್ತಿ ಸಲ ಏಳಬೇಕಾಗುತ್ತೆ. ಎರಡು ವರ್ಷದ ಬ್ಯಾಟರಿ ಎಂಟು ತಿಂಗಳಿಗೆ ಇಳಿಯುತ್ತೆ.

"ಎಂಟು ತಿಂಗಳು ಅಂತ ಹೇಳಿ ಇದನ್ನ ಯಾರಿಗೆ ಮಾರಲಿ?" ಮ್ಯಾನೇಜರ್. "ಮತ್ತೆ ಅಷ್ಟೊಂದು ಜನ ಒಟ್ಟಿಗೆ ಯಾಕೆ ನೋಡ್ತಾರೆ ಮೇಡಂ ಒಂದು ಅಂಕೀನ?"

"ಮಗು ಹುಟ್ಟಿದೆ ಸರ್!"

ಜಾಣ ನಗು ತಡೆಯೋಕೆ ಕೆಮ್ಮಿದ.

ಇಪ್ಪತ್ತನೇ ತಾರೀಕು ಡೆಮೊ. ಆಸ್ಪತ್ರೆಯ ದೊಡ್ಡ ಡಾಕ್ಟರ್ ಬರ್ತಾರೆ. ಅವತ್ತು ಪಾಸಾದ್ರೆ ಥರ್ಮಾಮೀಟರ್ ಸುತ್ತು ಬಂದ್. ದಾಟಿಸೋ ಭಾಗ ಸುರಕ್ಷಿತ ಅಂತ ನಾನು ಸಹಿ ಹಾಕಬೇಕು, ಬರೆದವಳು ನಾನಲ್ವಾ. ಮ್ಯಾನೇಜರ್ ಪೆನ್ನು ಮುಂದೆ ಇಟ್ಟ. ಹಾಕಲ್ಲ ಅಂದೆ. ಕಡ್ಡಿ ಮುರಿದ ಹಾಗೆ ಅಂದೆ. "ಯೋಚನೆ ಮಾಡಿ" ಅಂದ. ಮಾಡಿಯೇ ಹೇಳ್ತಿರೋದು ಅಂದೆ.

ಹತ್ತಾರು ಫೋನ್ ಇಟ್ಟು ಟೆಸ್ಟ್ ಮಾಡಿಸಿ ಅಂತ ಬೇಡಿಕೊಂಡೆ. ಸೊಪ್ಪು ಹಾಕಲಿಲ್ಲ. ಆಯ್ತಪ್ಪ. ನೀವು ಮಾಡಿಸಲ್ಲ ಅಂದ್ರೆ ನಾನು ಮಾಡಿಸ್ತೀನಿ.

ಮಾರ್ಚ್ 20, ಗುರುವಾರ

ಒಂದೂ ಬಿಡದೆ ಬರೀಬೇಕು ಇವತ್ತಿಂದು.

ಡೆಮೊಗೆ ಮ್ಯಾನೇಜರೇ ಒಂದು ಖಾಲಿ ತೊಟ್ಟಿಲು ಸಿಂಗಾರ ಮಾಡಿದ್ದ. ಒಳಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟ್ಲಿ, ಅದಕ್ಕೆ ಬಿಲ್ಲೆ. ಆಪಲ್ಲಿ ಅದನ್ನ ಯಾರು ಬೇಕಾದ್ರೂ ನೋಡಬಹುದು. ಜಾಹೀರಾತಿಗೆ ಅಂತ ಅವನೇ ತೆರೆದಿಟ್ಟಿದ್ದ. ಮಹಾನುಭಾವ, ನನ್ನ ಕೆಲಸ ಅರ್ಧ ಮಾಡಿಕೊಟ್ಟ.

ಕಾರಿಡಾರಲ್ಲಿ ನನ್ನ ಸೈನ್ಯ. ಅಮ್ಮ, ಚಿಕ್ಕಮ್ಮ, ತಂಗಿ ಅತ್ತೆ, ನಾದಿನಿ, ಎಂಟನೇ ತೊಟ್ಟಿಲಿನ ಎರಡು ಫೋನಿನ ಅಜ್ಜ. ಮಾವ ತಮ್ಮ ವಾಕಿಂಗ್ ಗೆಳೆಯರನ್ನೆಲ್ಲ ಎಬ್ಬಿಸ್ಕೊಂಡು ಬಂದಿದ್ರು. "ಫೋನ್ ನೋಡಬೇಡಿ ಅಂತ ಬೈಸ್ಕೊಂಡಿದೀನಿ ಕಣಮ್ಮ ಜೀವನ ಪೂರ್ತಿ. ನೋಡಿ ಅಂತ ಕರೆಸ್ಕೊಂಡಿದ್ದು ಇದೇ ಮೊದಲು." ಉದ್ದಕ್ಕೂ ಹರಡಿ ನಿಲ್ಲಿಸಿದೆ. ಬಾಗಿಲ ಹತ್ರ ಕೆಲವರು, ಕಿಟಕಿ ಹತ್ರ ಕೆಲವರು. ತಿಕ್ತಾ ಇರಿ, ನಿಲ್ಲಿಸಬೇಡಿ ಅಂದೆ.

ಒಳಗೆ ದೊಡ್ಡ ಡಾಕ್ಟರ್. ಬಿಳಿ ಕೂದಲಿನ ಹೆಂಗಸು. ಮಾತು ಕಡಿಮೆ. ಮ್ಯಾನೇಜರ್ ಶುರು ಮಾಡಿದ: "ಈಗ ತಣ್ಣನೆ ಬಾಟ್ಲಿ ಇಡ್ತೀವಿ ಮೇಡಂ. ಅರ್ಧ ನಿಮಿಷದಲ್ಲಿ ಪರದೆ ಕೆಂಪಾಗುತ್ತೆ, ಅಲಾರಾಂ ಹೊಡ್ಕೊಳ್ಳುತ್ತೆ." ಹೆಡ್ ನರ್ಸ್ ಫ್ರಿಜ್ಜಿಂದ ಬಾಟ್ಲಿ ತಂದು ಬದಲಾಯಿಸಿ, ಬಿಲ್ಲೆ ಅಂಟಿಸಿದ್ರು.

36.9. ಹಸಿರು.

ಅರ್ಧ ನಿಮಿಷ ಆಯ್ತು. 36.9. ಮ್ಯಾನೇಜರ್ ನಕ್ಕ. ಒಂದು ನಿಮಿಷ. 36.9. ಮ್ಯಾನೇಜರ್ ಟೈ ಸರಿ ಮಾಡ್ಕೊಂಡ. ಎರಡು, ಮೂರು... ಜಾಣ ನೆಲ ನೋಡ್ತಾ ನಿಂತಿದ್ದ.

"ನೆಟ್‌ವರ್ಕ್ ಸ್ವಲ್ಪ ಬ್ಯುಸಿ ಇದೆ ಅನ್ಸುತ್ತೆ," ಅಂದ ಮ್ಯಾನೇಜರ್.

ಹೆಡ್ ನರ್ಸ್ ಬಾಟ್ಲಿ ಎತ್ತಿದ್ರು. ಸೀದಾ ಹೋಗಿ ದೊಡ್ಡ ಡಾಕ್ಟರ ಅಂಗೈಯಲ್ಲಿಟ್ರು. "ಹೋದ ಶನಿವಾರದ ಹಿಂದಿನ ಶನಿವಾರ ಇದು ಬಾಟ್ಲಿ ಆಗಿರಲಿಲ್ಲ ಡಾಕ್ಟ್ರೇ."

ಆಗ ನಾನು ಬಾಗಿಲು ತೆರೆದು ಕೂಗಿದೆ — "ಸಾಕು! ಎಲ್ಲರೂ ಫೋನ್ ಆಫ್ ಮಾಡಿ!" ಮಾವ ಅಲ್ಲಿಂದ ಮಿಲಿಟರಿಯವರ ಹಾಗೆ ಆರ್ಡರ್ ದಾಟಿಸಿದ್ರು. ಉಳಿದ ನಕಲುಗಳು ಸಾಯೋಕೆ ಸ್ವಲ್ಪ ಹೊತ್ತು ಹಿಡೀತು. ಆಮೇಲೆ ಅಂಕಿ ಒಂದೇ ಸಲಕ್ಕೆ ಕುಸಿದು ಬಿತ್ತು, ಪರದೆ ಕೆಂಪು, ಅಲಾರಾಂ ಕಿವಿ ಹರಿಯೋ ಹಾಗೆ. ಮಲಗಿದ್ದ ಮಕ್ಕಳೆಲ್ಲ ಎದ್ದು ಅಳೋಕೆ ಶುರು. ಹೆಡ್ ನರ್ಸ್ ಹುಡುಗೀರು ಓಡಾಡಿದ್ದೇ ಓಡಾಡಿದ್ದು. ನನಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

ದೊಡ್ಡ ಡಾಕ್ಟರ್ ನನ್ನನ್ನ ಕೇಳಿದ್ರು: "ನೀವು ಯಾರು?"

ಇದನ್ನ ಬರೆದವಳು ಅಂದೆ.

ಮಾರ್ಚ್ 21, ಶುಕ್ರವಾರ

ರಜೆ. ನಾನು ಕೇಳಿದ್ದಲ್ಲ, ಕೊಟ್ಟಿದ್ದು. "ಮುಂದಿನ ತೀರ್ಮಾನದವರೆಗೆ." ಲ್ಯಾಪ್‌ಟಾಪ್ ಕಸ್ಕೊಂಡ್ರು, ಗುರುತಿನ ಚೀಟಿ ಕಸ್ಕೊಂಡ್ರು. ಕಂಪನಿ ವಿಷಯ ಹೊರಗೆಲ್ಲೂ ಬಾಯಿ ಬಿಡಬಾರದು ಅಂತ ನೆನಪಿಸಿದ್ರು. ನನ್ನ ಕಾಫಿ ಲೋಟ ಮಾತ್ರ ವಾಪಸ್ ಕೊಟ್ರು, ಪಾಪ.

ಜಾಣ ಲಿಫ್ಟ್ ತನಕ ಬಂದ. "ಮೇಡಂ... ನನ್ನ ಮದುವೆ ಫಿಕ್ಸ್ ಆಗಿದೆ. ಮನೆ ಸಾಲ ಇದೆ..." ಗೊತ್ತು ಮಾರಾಯ, ಹೋಗು ಅಂದೆ. ಕೋಪ ಬರಲಿಲ್ಲ ಅಂತ ಸುಳ್ಳು ಬರೆಯಲ್ಲ. ಬಂತು.

ಅವರ ಪರಿಹಾರ ಏನಂತೆ ಗೊತ್ತಾ? ಇನ್ಮೇಲೆ ಆಪ್ ಅಪ್ಪ ಅಮ್ಮನಿಗೆ ಮಾತ್ರ. ನೆಂಟರಿಗೆ ಇಲ್ಲ. ಅಂಕಿಯ ವಯಸ್ಸು ತೋರಿಸೋದಿಲ್ಲ. ಅಲ್ಲಾ, ಗೋಡೆ ಪರದೆ ಕೇಳಲ್ವಾ? ಡಾಕ್ಟರ ಫೋನ್ ಕೇಳಲ್ವಾ? ನರ್ಸ್‌ಗಳದ್ದು? ರೌಂಡ್ಸ್ ಹೊತ್ತಲ್ಲಿ, ನಿಜಕ್ಕೂ ಏನಾದ್ರೂ ಆದ ಹೊತ್ತಲ್ಲಿ, ಎಲ್ಲರೂ ಒಟ್ಟಿಗೇ ನೋಡೋದು! ತೂತಿಗೆ ಕಾಗದ ಅಂಟಿಸಿ ದೋಣಿ ಬಿಡ್ತಿದಾರೆ.

ಏಪ್ರಿಲ್ 2, ಬುಧವಾರ

ಇಷ್ಟು ದಿನ ಬರೆಯೋಕೆ ಮನಸ್ಸೇ ಬರಲಿಲ್ಲ. ಮನೇಲಿ ಕೂತು ಅಮ್ಮನ ಜೊತೆ ಜಗಳ, ತರಕಾರಿ ಹೆಚ್ಚೋದು, ಮತ್ತೆ ಜಗಳ.

ಇವತ್ತು ಸಾಸಿವೆ ಮನೆಗೆ ಬಂದಳು!

ಮೈಕೈ ತುಂಬ್ಕೊಂಡಿದಾಳೆ ಅಂತ ಅಮ್ಮ. ಎಲ್ಲಿ ತುಂಬ್ಕೊಂಡಿದಾಳೋ ನನಗೆ ಕಾಣಲಿಲ್ಲ. ಕೈಗೆ ತಗೊಂಡ್ರೆ ಇನ್ನೂ ಬಟ್ಟೆ ಗಂಟಿನ ಹಾಗೆ. ನನ್ನ ಬೆರಳು ಹಿಡ್ಕೊಂಡಳು, ಬಿಡಲೇ ಇಲ್ಲ. ಬೆಚ್ಚಗಿದ್ದಳು. ಮತ್ತೆ ಮತ್ತೆ ಹೊಟ್ಟೆ ಮುಟ್ಟಿ ನೋಡ್ತಿದ್ದೆ. ತಂಗಿ ಬೈದಳು, "ಸಾಕು ಬಿಡೇ, ಸವೆದು ಹೋಗ್ತಾಳೆ."

ಸಂಜೆ ಹೆಡ್ ನರ್ಸ್ ಫೋನ್. ಕಂಪನಿಯವರು ಆಸ್ಪತ್ರೆಯ ಮೇಲಿನವರ ಹತ್ರ ಹೋಗಿದಾರಂತೆ. ಇದು ಬೇಡ ಅಂದ ದೊಡ್ಡ ಡಾಕ್ಟರ ಮಾತೂ ಅಲ್ಲಿ ನಡೀತಿಲ್ಲ. ಏಳನೇ ತಾರೀಕು ಕಮಿಟಿ. ಒಪ್ಪಿದ್ರೆ ಮಾರನೇ ದಿನದಿಂದ್ಲೇ ಸುತ್ತು ಬಂದ್, ಇಬ್ಬರು ಹುಡುಗೀರು ವರ್ಗ. "ಆವತ್ತು ಆದದ್ದು ಜನ ಜಾಸ್ತಿ ಇದ್ದದ್ದಕ್ಕೆ, ಈಗ ಸರಿ ಮಾಡಿದೀವಿ ಅಂತಿದಾರೆ. ನನಗೆ ಅದನ್ನ ಬಿಡಿಸಿ ಹೇಳೋಕೆ ಬರಲ್ಲಮ್ಮ. ನೀವು ಬಂದು ಹೇಳ್ತೀರಾ?"

ನೋಡ್ತೀನಿ ಅಂದೆ.

ಅಮ್ಮ ಅಡುಗೆಮನೆಯಿಂದ ಎಲ್ಲ ಕೇಳಿಸ್ಕೊಂಡಿದ್ದಳು. "ನಮ್ಮದು ಮನೆಗೆ ಬಂತಲ್ಲ. ಸಾಕು ಬಿಡೇ. ಕೆಲಸ ಹೋದ್ರೆ ಯಾರು ಕೊಡ್ತಾರೆ ನಿನಗೆ, ಈ ವಯಸ್ಸಲ್ಲಿ?" ಅವಳು ಹೇಳಿದ್ರಲ್ಲಿ ಸುಳ್ಳೇನೂ ಇಲ್ಲ, ಅದೇ ಕಷ್ಟ.

ಏಪ್ರಿಲ್ 4, ಶುಕ್ರವಾರ

ಮ್ಯಾನೇಜರ್ ಫೋನ್ ಮಾಡಿದ. ಬೆಣ್ಣೆ ಅಲ್ಲ, ಈ ಸಲ ಬೆಲ್ಲ. "ಪಾಪು ಮನೆಗೆ ಬಂತಂತೆ, ಕಂಗ್ರಾಟ್ಸ್! ಇನ್ನೇನು, ಎಲ್ಲ ಸುಖಾಂತ. ಸೋಮವಾರದಿಂದ ಬಂದುಬಿಡಿ. ಸೀನಿಯರ್ ಪೋಸ್ಟ್. ಹೊಸ ವರ್ಷನ್‌ಗೆ ಒಂದು ಸಹಿ, ಅಷ್ಟೇ."

"ಅಂಕಿಯ ವಯಸ್ಸು ಹಾಕಿದೀರಾ ಸರ್?"

"ಮೇಡಂ, ನಿಮ್ಮ ಮಗು ಈಗ ಅಲ್ಲಿ ಇಲ್ಲವಲ್ಲ. ಇನ್ಯಾಕೆ ತಲೆ ಕೆಡಿಸ್ಕೋತೀರಿ?"

ಅವತ್ತು ತಂಗಿ ಮಗು ಅಲ್ಲಿದ್ದಳು, ಅದಕ್ಕೆ ನಾನು ಎಮೋಷನಲ್. ಇವತ್ತು ಅವಳು ಅಲ್ಲಿಲ್ಲ, ಅದಕ್ಕೆ ಸುಮ್ಮನಿರಿ. ಎಷ್ಟು ಚೆನ್ನಾಗಿ ಎರಡೂ ಕಡೆ ಬಾಗಿಲು ಹಾಕ್ತಾರೆ ನೋಡು.

ಕಮಿಟಿ ಮುಂದೆ ಹೋಗ್ತೀನಿ ಅಂದೆ. ಬೆಲ್ಲ ಕರಗಿತು. "ಹೋದ್ರೆ ಕೆಲಸ ಇಲ್ಲ. ಕೇಸೂ ಹಾಕ್ತೀವಿ. ಬೇರೆ ಯಾವ ಕಂಪನಿಯವರೂ ಹತ್ತಿರ ಸೇರಿಸಲ್ಲ ನಿಮ್ಮನ್ನ."

ಹಾಕ್ಕೊಳ್ಳಿ. ನನ್ನ ಹೆಸರಿನ ಸ್ಪೆಲ್ಲಿಂಗ್ ಸರಿಯಾಗಿ ಬರೀರಿ ಅಂದು ಫೋನ್ ಇಟ್ಟೆ. ಹೆದರಿಕೆ ಆಗ್ತಿದೆ. ಆಗಲಿ. ಹೆದರಿಕೊಂಡೇ ಹೋಗ್ತೀನಿ.

ಏಪ್ರಿಲ್ 6, ಭಾನುವಾರ

ಬೋರ್ಡ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ. ಅಮ್ಮನ ಅಡುಗೆ ಡಬ್ಬಿಗಳನ್ನ ಟೇಬಲ್ ಮೇಲಿಟ್ಟು ಅಭ್ಯಾಸ ಮಾಡಿದೆ. ಒಂದು ಚೀಟಿ ಈ ಡಬ್ಬಿಯಿಂದ ಆ ಡಬ್ಬಿಗೆ, ಅಲ್ಲಿಂದ ವಾಪಸ್. ಮೂರನೇ ಸಲ ಅಮ್ಮ ನಿಲ್ಲಿಸಿದಳು. "ತಾಳು. ಚೀಟಿ ಮೊದಲು ಯಾವಾಗ ಬರೆದದ್ದು ಅಂತ ಯಾರೂ ಕೇಳೋದೇ ಇಲ್ವಾ?"

ಇಲ್ಲಮ್ಮ.

"ಥೂ! ಇಷ್ಟೇನಾ? ಇಷ್ಟಕ್ಕೆ ಅವರಿಗೆ ಏನು ಧಾಡಿ?"

ಆಮೇಲೆ ನನ್ನ ಒಳ್ಳೇ ಕಾಟನ್ ಸೀರೆ ಇಸ್ತ್ರಿ ಮಾಡಿಟ್ಟಳು. ಹೋಗು ಅನ್ನಲಿಲ್ಲ, ಇಸ್ತ್ರಿ ಮಾಡಿಟ್ಟಳು. ಡಬ್ಬಿಗಳನ್ನ ಚೀಲಕ್ಕೂ ತುಂಬಿದಳು. ಮುಚ್ಚಳ ಕಳೀಬೇಡ ಅಂದಳು.

ಏಪ್ರಿಲ್ 7, ಸೋಮವಾರ, ಬೆಳಿಗ್ಗೆ

ಕಮಿಟಿ ರೂಮಿನ ಹೊರಗೆ. ತೊಡೆ ಮೇಲೆ ಚೀಲ, ಅದರ ಮೇಲೆ ಇದು. ಪೆನ್ನು ಸರಿಯಾಗಿ ಬರೀತಿಲ್ಲ.

ಎದುರಿನ ಬೆಂಚಲ್ಲಿ ಮ್ಯಾನೇಜರ್, ಇಬ್ಬರು ವಕೀಲರು. ನನ್ನ ಚೀಲ ನೋಡಿ ವಕೀಲ ಏನೋ ಅಂದ, ಮೂವರೂ ನಕ್ಕರು. ನಗಲಿ. ಜಾಣ ಬಂದಿಲ್ಲ. ಹೆಡ್ ನರ್ಸ್ ನನ್ನ ಪಕ್ಕ ಕೂತಿದಾರೆ, ಡ್ಯೂಟಿ ಬಟ್ಟೆಯಲ್ಲೇ. ವಾರ್ಡಲ್ಲಿ ಎಷ್ಟು ಮಕ್ಕಳು ಇವತ್ತು ಅಂತ ಕೇಳಿದೆ. ತುಂಬಿದೆ ಅಂದ್ರು. ಏಳನೇ ತೊಟ್ಟಿಲಿಗೆ ನಿನ್ನೆಯೇ ಹೊಸ ಮಗು ಬಂದಿದೆಯಂತೆ. ಗಂಡು. ಇನ್ನೂ ಹೆಸರಿಟ್ಟಿಲ್ಲ. ಅವರ ಕಡೆಯವರು ಕಾರಿಡಾರ್ ತುಂಬ ಇದಾರಂತೆ.

ಬಾಗಿಲು ತೆರೀತು. ಗುಮಾಸ್ತ. ಒಳಗೆ ಬರೋರ ಹೆಸರು ಬರ್ಕೋತಿದಾನೆ.

"ನೀವು ಯಾರ ಕಡೆಯವರು? ಕಂಪನಿ ಕಡೆನಾ?"

ಅಲ್ಲ.

"ಆಸ್ಪತ್ರೆ ಕಡೆನಾ?"

ಅಲ್ಲ. ಮಗು ಕಡೆ.

"ಯಾವ ಮಗು?"

ಎದ್ದೆ. ನಿಂತೇ ಬರೀತಿದೀನಿ. ಹೇಳಿದೆ ಅವನಿಗೆ, ಅಲ್ಲಿರೋ ಎಲ್ಲಾ ಮಕ್ಕಳ ಕಡೆ ಅಂತ.